ಎಸ್ತರ್ ಹೇಳಿದ್ದ ಹೆಸರು

ಕಳೆದ ವರ್ಷ ನವೆಂಬರ್ ತಿಂಗಳ ಒಂದು ಭಾನುವಾರ. ಡಬ್ಲಿನ್‌ನ ಯಹೂದಿ ಸಮುದಾಯದವರು ನಡೆಸುವ ಪುಸ್ತಕ ಮೇಳದಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಇಪ್ಪತ್ತೆರಡು ನಿಮಿಷದ ಒಂದು ಚಿತ್ರ ತೋರಿಸುವುದಿತ್ತು. ಅದನ್ನು ನೋಡಲೆಂದೇ ವೃದ್ಧಾಶ್ರಮದಿಂದ ಒಬ್ಬ ಹಿರಿಯರು ಗಾಲಿಕುರ್ಚಿಯಲ್ಲಿ ಬಂದಿದ್ದರು. ಚಿತ್ರ ತೋರಿಸಲು ಆಗಲಿಲ್ಲ. ಅದಕ್ಕೆ ಕಾರಣ ನಾನು. ನನ್ನ ಗಂಡನ ಹೊರತು ಯಾರ ಹತ್ತಿರವೂ ಇದನ್ನು ಪೂರ್ತಿ ಹೇಳಿಕೊಂಡಿಲ್ಲ.

ನಾನು ತುಮಕೂರಿನವಳು. ಎಂ.ಎಸ್. ಓದಲು ಐರ್ಲೆಂಡಿಗೆ ಬಂದು, ಇಲ್ಲೇ ಕೆಲಸ ಸಿಕ್ಕಿ ಹನ್ನೊಂದು ವರ್ಷವಾಯಿತು. ಮನೆ ಡಬ್ಲಿನ್‌ನ ಲೂಕನ್‌ನಲ್ಲಿ, ಆಫೀಸು ಸ್ಯಾಂಡಿಫರ್ಡ್‌ನಲ್ಲಿ. ಮಗಳು ಇಂಚರಾಗೆ ಹತ್ತು ವರ್ಷ. ಪ್ರತಿ ಬುಧವಾರ ಸಂಜೆ ಅವಳನ್ನು ಟೆರೆನ್ಯೂರ್‌ಗೆ ಪಿಯಾನೊ ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದೆ. ಕಲಿಸುವವರು ರೂತ್ ಎಂಬ ಎಂಬತ್ತೆರಡು ವರ್ಷದ ಯಹೂದಿ ಹೆಂಗಸು. ಮದುವೆಯಾದವರಲ್ಲ. ಅಕ್ಕ ಎಸ್ತರ್ ಜೊತೆ ಒಂದೇ ಮನೆಯಲ್ಲಿ ಇದ್ದರು. ಎಸ್ತರ್ ಅವರಿಗೆ ತೊಂಬತ್ತೊಂದು.

ಮಗಳು ಮುಂದಿನ ಕೋಣೆಯಲ್ಲಿ ಪಿಯಾನೊ ಬಾರಿಸುವಷ್ಟು ಹೊತ್ತು ನಾನು ಅಡುಗೆಮನೆಯಲ್ಲಿ ಎಸ್ತರ್ ಎದುರು ಕೂತು ಟೀ ಕುಡಿಯುತ್ತಿದ್ದೆ. ಅವರ ಬಾಯಿ ಜೋರು, ನೆನಪು ಇನ್ನೂ ಜೋರು. ಒಂದು ಸಲ ನಾನು ಏಲಕ್ಕಿ ಹಾಕಿ ಟೀ ಮಾಡಿಕೊಟ್ಟರೆ, ಒಂದು ಗುಟುಕು ಕುಡಿದು ಲೋಟ ಆಚೆ ತಳ್ಳಿ, "ಸೋಪು ಕುಡಿದ ಹಾಗಿದೆ" ಅಂದಿದ್ದರು. ಮರುವಾರ "ಆ ಸೋಪಿನ ಟೀ ಮಾಡ್ತೀಯಾ?" ಎಂದು ಅವರೇ ಕೇಳಿದರು.

ಅಕ್ಕತಂಗಿಯರು ಬೆಳೆದ ಸೌತ್ ಸರ್ಕ್ಯುಲರ್ ರೋಡಿನ ಸುತ್ತ ಒಂದು ಕಾಲದಲ್ಲಿ ಯಹೂದಿ ಕುಟುಂಬಗಳೇ ತುಂಬಿದ್ದವಂತೆ. ಯಾವ ಮನೆಯಲ್ಲಿ ದರ್ಜಿ, ಯಾವ ಮೂಲೆಯಲ್ಲಿ ಮೀನಿನ ಅಂಗಡಿ, ಯಾರ ಮನೆಯ ಮಗು ಯಾವ ಚಳಿಗಾಲದಲ್ಲಿ ಹೋಯಿತು ಎಲ್ಲವೂ ಎಸ್ತರ್ ತಲೆಯಲ್ಲಿತ್ತು. ಈಗ ಆ ಜನ ಉಳಿದಿಲ್ಲ. ಕೆಲವರು ಸತ್ತರು, ಹೆಚ್ಚಿನವರ ಮಕ್ಕಳು ಲಂಡನ್ನೋ ಇಸ್ರೇಲೋ ಸೇರಿದರು. "ಪ್ರಾರ್ಥನೆಗೆ ಹತ್ತು ಜನ ಗಂಡಸರು ಬೇಕು. ಕೆಲವು ದಿನ ಒಂಬತ್ತು ಜನ ಕೂತು ಬಾಗಿಲ ಕಡೆ ನೋಡ್ತಾ ಇರ್ತಾರೆ" ಎಂದು ರೂತ್ ಒಮ್ಮೆ ಹೇಳಿದ್ದರು.

ಅದಕ್ಕೇ ರೂತ್ ಎರಡು ಚಳಿಗಾಲ ಅಕ್ಕನ ಮಾತುಗಳನ್ನು ವಿಡಿಯೊ ಮಾಡಿದರು. ಪಿಯಾನೊ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಸಣ್ಣ ಕ್ಯಾಮೆರಾ ಇಟ್ಟು ಆನ್ ಮಾಡಿ ಬಿಡುತ್ತಿದ್ದರು. ಎಲ್ಲ ಸೇರಿ ಹನ್ನೊಂದು ಗಂಟೆಯ ಮಾತು, ಆರು ಮೆಮೊರಿ ಕಾರ್ಡು. ಕಳೆದ ವರ್ಷ ಜೂನ್‌ನಲ್ಲಿ ಎಸ್ತರ್ ತೀರಿಕೊಂಡರು.

ಆಗಸ್ಟ್‌ನಲ್ಲಿ ರೂತ್ ಆ ಆರು ಕಾರ್ಡುಗಳನ್ನು ಪೆಪ್ಪರ್‌ಮಿಂಟಿನ ಒಂದು ಹಳೇ ಡಬ್ಬಿಯಲ್ಲಿ ಹಾಕಿ ನನ್ನ ಕೈಗಿಟ್ಟರು. "ಶೈಲಾ, ನೀನು ಕಂಪ್ಯೂಟರ್ ಕೆಲಸದವಳು. ನವೆಂಬರ್‌ನಲ್ಲಿ ನಮ್ಮ ಪುಸ್ತಕ ಮೇಳ ಇದೆ. ಇದರಲ್ಲಿ ಒಂದು ಸಣ್ಣ ಫಿಲಂ ಮಾಡಿಕೊಡ್ತೀಯಾ?"

ನಾನು ಖುಷಿಯಿಂದ ಒಪ್ಪಿಕೊಂಡೆ. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿದೆ. ಎರಡು ವಾರ ಕಳೆದ ಮೇಲೆ ರೂತ್, "ಆ ಕಾರ್ಡು ಖಾಲಿ ಮಾಡಿ ಕೊಡು. ಉಳಿದಿರೋ ಮುದುಕರನ್ನೂ ರೆಕಾರ್ಡ್ ಮಾಡ್ಬೇಕು, ತಡ ಮಾಡಿದ್ರೆ ಅವರೂ ಇರಲ್ಲ" ಅಂದರು. ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದರು: "ಎರಡು ಕಡೆ ಕಾಪಿ ಇದೆ ತಾನೆ?"

"ಇದೆ, ಎರಡು ಕಡೆ ಇದೆ" ಅಂದೆ.

ಇರಲಿಲ್ಲ. ಆ ಡಿಸ್ಕಿನಲ್ಲಿ ಮಾತ್ರ ಇತ್ತು. ಇನ್ನೊಂದು ಕಾಪಿ ಆನ್‌ಲೈನ್‌ನಲ್ಲಿ ಹಾಕಲು ಶುರು ಮಾಡಿದ್ದೆ, ಒಂದು ಫೈಲೂ ಪೂರ್ತಿ ಹೋಗದೆ ನಿಂತಿತ್ತು. ನಾಳೆ ಮಾಡಿದರಾಯಿತು ಎಂದುಕೊಂಡಿದ್ದೆ. ಹಾಗಾಗಿ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಆರೂ ಕಾರ್ಡು ಖಾಲಿ ಮಾಡಿ ಕೊಟ್ಟೆ. ರೂತ್ ಅವುಗಳ ಮೇಲೆ ಬೇರೆಯವರ ಮಾತು ತುಂಬಿಸಿದರು.

ಎಡಿಟ್ ಮಾಡುತ್ತಾ ಒಂದು ಭಾಗ ಸಿಕ್ಕಿತು. ರೂತ್ ಅಂಗಡಿಗೆ ಹೋಗಿದ್ದಾಗ ಎಸ್ತರ್ ಒಬ್ಬರೇ ಕ್ಯಾಮೆರಾ ಮುಂದೆ ಕೂತು, ತಮ್ಮ ಬಾಲ್ಯದ ಎದುರು ಮನೆಯ ಒಬ್ಬ ಹೆಂಗಸಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದರು. ಆ ಹೆಂಗಸು ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದಳು. ಅವಳ ಮಗನ ಹೆಸರು ಮಾರಿಸ್. ಬುಧವಾರ ಇದನ್ನು ರೂತ್‌ಗೆ ಹೇಳಿದಾಗ ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

"ಮಾರಿಸ್ ಇನ್ನೂ ಇದ್ದಾನೆ ಶೈಲಾ. ಎಂಬತ್ತಾರು ವರ್ಷ. ಆರು ವರ್ಷದವನಿದ್ದಾಗ ತಾಯಿ ಹೋದಳು. ಅಪ್ಪ ಇನ್ನೊಂದು ಮದುವೆಯಾದ, ಅವಳ ಫೋಟೊ ಒಂದೂ ಉಳಿಸಲಿಲ್ಲ. ನನಗೆ ಅವಳ ನೆನಪಿಲ್ಲ, ನಾನಾಗ ಕೂಸು. ಅವಳನ್ನು ಕಂಡಿದ್ದವಳು ಎಸ್ತರ್ ಒಬ್ಬಳೇ."

"ನಿಮಗೆ ಈಗಲೇ ತೋರಿಸ್ಲಾ?" ಎಂದು ಕೇಳಿದೆ.

"ಬೇಡ. ಅವತ್ತು ಮಾರಿಸ್ ಪಕ್ಕದಲ್ಲಿ ಕೂತು ನೋಡ್ತೀನಿ."

ಹಾಗಾಗಿ ಆ ಇಪ್ಪತ್ತು ನಿಮಿಷವನ್ನು ನೋಡಿದವಳು ಪ್ರಪಂಚದಲ್ಲಿ ನಾನೊಬ್ಬಳೇ. ಚಿತ್ರದ ಮುಕ್ಕಾಲು ಭಾಗ ಅದೇ ಆಯಿತು. ಎಸ್ತರ್ ಧ್ವನಿ ಸಣ್ಣದಾಗಿದ್ದರಿಂದ ಚಿತ್ರದ ಕೆಳಗೆ ಅವರ ಮಾತನ್ನು ಅಕ್ಷರದಲ್ಲಿ ಹಾಕುವ ಕೆಲಸವೂ ನನ್ನದೇ.

ಮೇಳದ ಹಿಂದಿನ ಶುಕ್ರವಾರ. ಐದು ಗಂಟೆ ಇರಬಹುದು, ಹೊರಗೆ ಆಗಲೇ ಕತ್ತಲಾಗಿತ್ತು. ಅಡುಗೆಮನೆಯ ಟೇಬಲ್ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಡಿಸ್ಕು. ಚಿತ್ರ ಮುಗಿದಿತ್ತು, ಅದನ್ನೂ ಆ ಡಿಸ್ಕಿನಲ್ಲೇ ಇಟ್ಟಿದ್ದೆ. ಒಲೆಯ ಮೇಲೆ ಸಾರು ಉಕ್ಕಿತು. ಎದ್ದು ಓಡಿದೆ. ಕಾಲಿಗೆ ವೈರ್ ಸಿಕ್ಕಿತು. ಡಿಸ್ಕು ಟೈಲ್ಸ್ ಮೇಲೆ ಬಿತ್ತು.

ಎತ್ತಿ ಮತ್ತೆ ಚುಚ್ಚಿದೆ. ಒಳಗಿಂದ ಟಕ್, ಟಕ್, ಟಕ್ ಎಂಬ ಸದ್ದು ಬಂತು. ಡಿಸ್ಕು ಒಳಗೇ ಮುರಿದಿದೆ ಎಂಬ ಆ ಸದ್ದಿನ ಅರ್ಥ ನನಗೆ ಚೆನ್ನಾಗಿ ಗೊತ್ತು. ಆದರೂ ಹತ್ತು ಸಲ ತೆಗೆದು ಹಾಕಿದೆ. ನನ್ನ ಗಂಡ ರಾಘು ಆಫೀಸಿನಿಂದ ಬಂದಾಗ ನಾನು ನೆಲದ ಮೇಲೇ ಕೂತಿದ್ದೆ.

"ಬ್ಯಾಕಪ್ ಐತಲ್ಲ?" ಅಂದ.

ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಹೋಗಿ ಒಲೆ ಆರಿಸಿದ.

ರೂತ್ ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವ ತನಕ ಫೋನ್ ಮುಟ್ಟುವುದಿಲ್ಲ, ಅದು ಅವರ ಸಬ್ಬತ್, ಯಹೂದಿಗಳ ವಾರದ ವಿಶ್ರಾಂತಿಯ ದಿನ. ನಿಜ ಹೇಳಬೇಕೆಂದರೆ, ಆ ನಿಯಮ ಇದ್ದದ್ದು ನನಗೆ ಒಳಗೊಳಗೇ ಸಮಾಧಾನವಾಯಿತು. ಶನಿವಾರ ಬೆಳಗ್ಗೆ ಡಿಸ್ಕ್ ರಿಪೇರಿ ಮಾಡುವವನ ಹತ್ತಿರ ಹೋದೆವು. ಅವನು ಬಿಚ್ಚಿ ತೋರಿಸಿದ. ಕನ್ನಡಿಯಂಥ ತಟ್ಟೆಯ ಮೇಲೆ ಉಂಗುರದ ಹಾಗೆ ಗೀರು. "ಸಾರಿ, ಇದರಲ್ಲಿ ಏನೂ ಉಳಿದಿಲ್ಲ" ಅಂದ. ಆಮೇಲೆ ಬೇರೆ ಇಬ್ಬರಿಗೆ ಕಳಿಸಿದಾಗಲೂ ಅದೇ ಉತ್ತರ ಬಂತು.

ಆ ಸಂಜೆ ಕತ್ತಲಾದ ಮೇಲೆ ರೂತ್‌ಗೆ ಫೋನ್ ಮಾಡಬಹುದಿತ್ತು. ಫೋನ್ ಕೈಯಲ್ಲೇ ಇತ್ತು. ಮಾಡಲಿಲ್ಲ.

ಭಾನುವಾರ ಹೋದೆ. ಗೇಟಿನಲ್ಲಿ ಕಾವಲಿನವನು ಪಟ್ಟಿಯಲ್ಲಿ ನನ್ನ ಹೆಸರು ನೋಡಿ, ಬ್ಯಾಗು ತೆಗೆಸಿ ನೋಡಿ ಒಳಗೆ ಬಿಟ್ಟ. ಈಗ ಅಲ್ಲಿ ಏನು ಕಾರ್ಯಕ್ರಮವಾದರೂ ಹೀಗೇ, ಭದ್ರತೆಗೆಂದು ಜಾಗದ ವಿಳಾಸವನ್ನೂ ಹಿಂದಿನ ದಿನವಷ್ಟೇ ತಿಳಿಸುವುದು. ಒಳಗೆ ಮಾತ್ರ ಮದುವೆಮನೆಯಂಥ ಗದ್ದಲ. ಉದ್ದ ಟೇಬಲ್‌ಗಳ ಮೇಲೆ ಹೊಸ ಪುಸ್ತಕ, ಹಳೇ ಪುಸ್ತಕ, ಮಕ್ಕಳ ಪುಸ್ತಕ. ಒಂದು ಮೂಲೆಯಲ್ಲಿ ಜೇನುತುಪ್ಪದ ಕೇಕು, ಟೀ. ಅಡುಗೆ ಪುಸ್ತಕ ಬರೆದ ಹೆಂಗಸೊಬ್ಬರು ತಮ್ಮ ಅಜ್ಜಿಯ ಉಪ್ಪಿನಕಾಯಿ ಬಗ್ಗೆ ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದರು.

ರೂತ್ ನೀಲಿ ಕೋಟು ಹಾಕಿದ್ದರು, ತುಟಿಗೆ ಬಣ್ಣ ಹಚ್ಚಿದ್ದರು. ಅವರನ್ನು ಹಾಗೆ ನಾನು ನೋಡೇ ಇರಲಿಲ್ಲ. ದೂರದಿಂದಲೇ ಕೈ ಬೀಸಿದರು. ನಾನು ಅವರ ಹತ್ತಿರ ಹೋಗದೆ ನೇರ ಚಿತ್ರ ತೋರಿಸುವ ಕೋಣೆಗೆ ಹೋದೆ. ಅದರ ಉಸ್ತುವಾರಿ ಡೇವಿಡ್ ಎಂಬ ಐವತ್ತರ ಆಸುಪಾಸಿನವರದು. ಡಿಸ್ಕು ಹೋದದ್ದನ್ನು ಅವರಿಗೆ ಹೇಳಿದೆ.

ಅವರು ಹಣೆ ಒತ್ತಿಕೊಂಡರು. ಆಮೇಲೆ, "ಇವತ್ತು ಬೇಡ. ಇಷ್ಟು ಜನರ ಮುಂದೆ ರೂತ್‌ಗೆ ಇದು ಬೇಡ. ಫೈಲ್ ಓಪನ್ ಆಗ್ತಿಲ್ಲ ಅಂತ ಹೇಳ್ತೀನಿ. ನೀವು ಆಮೇಲೆ ಮನೆಗೆ ಹೋಗಿ ಹೇಳಿ" ಅಂದರು.

"ಆಯ್ತು" ಅಂದೆ. ಅವರ ಸುಳ್ಳಿಗೆ ಒಪ್ಪಿದ್ದರಿಂದ ಇದು ನನ್ನ ಎರಡನೇ ಸುಳ್ಳು.

ಮೂರು ಗಂಟೆಗೆ ಡೇವಿಡ್ ಮೈಕಿನಲ್ಲಿ ಹಾಗೇ ಹೇಳಿದರು. ಜನ "ಅಯ್ಯೋ" ಅಂದರು, ಯಾರೋ ಚಪ್ಪಾಳೆ ತಟ್ಟಿದರು, ಅದರ ಬದಲು ಬೇರೆ ಚಿತ್ರ ಶುರುವಾಯಿತು. ರೂತ್ ಎದ್ದು ಬಂದು ನನ್ನ ತೋಳು ಹಿಡಿದರು.

"ನಿನ್ನ ಮುಖ ನೋಡು, ಯಾರೋ ಸತ್ತ ಹಾಗೆ! ಯೂ ಆರ್ ಗ್ರ್ಯಾಂಡ್ ಶೈಲಾ, ಏನೂ ಆಗಿಲ್ಲ. ಮೆಷಿನ್ ಅಂದ್ರೆ ಇಷ್ಟೇ. ಬಾ, ಮಾರಿಸ್‌ಗೆ ನಿನ್ನನ್ನು ತೋರಿಸ್ತೀನಿ."

ಟೀ ಟೇಬಲ್ ಪಕ್ಕ ಗಾಲಿಕುರ್ಚಿಯಲ್ಲಿ ಒಬ್ಬ ಸಣಕಲು ಮುದುಕರು ಕೂತಿದ್ದರು. ಕ್ಷೌರದಲ್ಲಿ ಗಲ್ಲ ಎರಡು ಕಡೆ ಕೊಯ್ದುಹೋಗಿತ್ತು. ಹೊಸದಾಗಿ ಇಸ್ತ್ರಿ ಮಾಡಿದ ಶರ್ಟು ಕುತ್ತಿಗೆಯ ಹತ್ತಿರ ದೊಗಲೆಯಾಗಿತ್ತು. ರೂತ್ ಅವರ ಕಿವಿಯ ಹತ್ತಿರ ಬಾಗಿ, "ಮುಂದಿನ ವಾರ ಇವಳನ್ನೇ ನಿನ್ನ ಹತ್ತಿರ ಕರ್ಕೊಂಡು ಬರ್ತೀನಿ. ಲ್ಯಾಪ್‌ಟಾಪ್‌ನಲ್ಲೇ ತೋರಿಸ್ತಾಳೆ" ಅಂದರು.

ಮಾರಿಸ್ ನನ್ನ ಕೈ ಹಿಡಿದುಕೊಂಡರು. "ನೀವು ಅದನ್ನು ನೋಡಿದ್ದೀರಂತೆ. ಸ್ವಲ್ಪ ಹೇಳಿ. ಅಮ್ಮ ಹೇಗಿದ್ದಳಂತೆ?"

ನೆನಪಿದ್ದಷ್ಟು ಹೇಳಿದೆ. ಎತ್ತರವಿದ್ದರು. ಕಾಲುವೆಯ ದಡದಲ್ಲಿ ಹಂಸಗಳನ್ನು ಕಂಡರೆ ಹೆದರಿ ರಸ್ತೆಯ ಆ ಕಡೆಗೆ ದಾಟುತ್ತಿದ್ದರು. ಬಟ್ಟೆ ಒಣಗಿಸುವಾಗ ಕ್ಲಿಪ್ಪುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಅಷ್ಟಕ್ಕೇ ನನ್ನ ನೆನಪು ಮುಗಿಯಿತು. ಇಪ್ಪತ್ತು ನಿಮಿಷದ ಮಾತಿನಲ್ಲಿ ಅಷ್ಟೇ ಉಳಿದಿತ್ತು. ಮಾರಿಸ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. "ಹಂಸಗಳು" ಎಂದು ತಮಗೆ ತಾವೇ ಹೇಳಿಕೊಂಡು ನಕ್ಕರು.

"ಇನ್ನೊಂದೇ ಒಂದು. ಅಮ್ಮ ನನ್ನನ್ನು ಮಾರಿಸ್ ಅಂತ ಕರೀತಿರಲಿಲ್ಲ. ಏನೋ ಒಂದು ಮುದ್ದಿನ ಹೆಸರಿತ್ತು. ಅಷ್ಟು ಗೊತ್ತು. ಏನು ಅನ್ನೋದು ಮರೆತುಹೋಗಿದೆ. ಎಸ್ತರ್ ಅದನ್ನು ಹೇಳಿದ್ಳಾ?"

ಹೇಳಿದ್ದರು. ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಆ ತಾಯಿ ಮಗನನ್ನು ಊಟಕ್ಕೆ ಹೇಗೆ ಕೂಗುತ್ತಿದ್ದಳು ಎಂದು ಎಸ್ತರ್ ಕೂಗಿಯೇ ತೋರಿಸಿದ್ದರು. ಅದು ಅವರ ಯಿಡ್ಡಿಶ್ ಭಾಷೆಯ ಮಾತು. ನನಗೆ ಅರ್ಥವಾಗಿರಲಿಲ್ಲ. ಕೆಳಗಿನ ಅಕ್ಷರದಲ್ಲಿ ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ರೂತ್ ಅವರನ್ನು ಕೇಳಿ ತುಂಬಿದರಾಯಿತು ಎಂದು ಮುಂದೆ ಹೋಗಿದ್ದೆ.

"ಹೇಳಿದ್ರು. ಆದ್ರೆ ನನಗೆ... ನೆನಪಾಗ್ತಿಲ್ಲ" ಅಂದೆ.

ಅವರು ನನ್ನ ಕೈ ತಟ್ಟಿದರು. "ಪರವಾಗಿಲ್ಲ ಬಿಡಿ. ಎಂಬತ್ತು ವರ್ಷ ಕಾದಿದ್ದೀನಿ. ಮುಂದಿನ ವಾರ ಎಸ್ತರ್ ಬಾಯಿಂದಲೇ ಕೇಳ್ತೀನಿ."

ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಅಲ್ಲೇ, ಕೇಕಿನ ತಟ್ಟೆ ಹಿಡಿದು ಜನ ಓಡಾಡುತ್ತಿದ್ದ ಜಾಗದಲ್ಲೇ ಹೇಳಿಬಿಟ್ಟೆ. ಡಿಸ್ಕು ಬಿದ್ದದ್ದು, ಅದರಲ್ಲಿ ಏನೂ ಉಳಿಯದೇ ಇದ್ದದ್ದು, ಫಿಲಂ ಇನ್ನು ಯಾವತ್ತೂ ಇಲ್ಲ ಎಂಬುದು.

ರೂತ್ ನನ್ನ ತೋಳಿನಿಂದ ಕೈ ತೆಗೆದರು.

"ಎರಡು ಕಡೆ ಇದೆ ಅಂದಿದ್ದೆ."

"ಇರಲಿಲ್ಲ ರೂತ್."

"ಅವತ್ತೂ ಇರಲಿಲ್ವಾ? ನಾನು ಕೇಳಿದ ದಿನ?"

"ಇರಲಿಲ್ಲ."

ಅವರು ಕೂಗಾಡಲಿಲ್ಲ. ಮೇಲಿಂದ ಕೆಳಗೆ ಒಂದೊಂದೇ ಗುಂಡಿ ಹಾಕಿ ಕೋಟು ಮುಚ್ಚಿಕೊಂಡರು, ಚಳಿಯಾದವರ ಹಾಗೆ. ಅಕ್ಕ ಎರಡನೇ ಸಲ ಹೋದಳು ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು.

ಮಾರಿಸ್ ಮಾತ್ರ ಬೇರೆ ಯಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ಯಾವ ಅಕ್ಷರದಿಂದ ಶುರುವಾಗ್ತಿತ್ತು? ಯೋಚನೆ ಮಾಡಿ. ಉದ್ದ ಇತ್ತಾ, ಚಿಕ್ಕದಾ?"

"ಕೊನೇಲಿ 'ಲೆ' ಅಂತ ಇತ್ತು ಅನ್ಸುತ್ತೆ."

"ನಮ್ಮಲ್ಲಿ ಮುದ್ದಿನ ಹೆಸರೆಲ್ಲ ಹಾಗೇ ಮುಗಿಯೋದು" ಎಂದು ರೂತ್ ಬೇರೆ ಕಡೆ ನೋಡುತ್ತಾ ಹೇಳಿದರು. ಆಮೇಲೆ ಮಾರಿಸ್ ಮುಖ ನೋಡಲಾಗದೆ ಅವರೇ ಒಂದೊಂದಾಗಿ ಹೇಳಲು ಶುರು ಮಾಡಿದರು. "ಕೆಟ್ಸೆಲೆ? ಬೆಕ್ಕಿನ ಮರಿ ಅಂತ. ಶೇಫೆಲೆ? ಕುರಿಮರಿ. ಝೀಸೆಲೆ? ಸಿಹಿ ಮಗು ಅಂತ. ಮೋಯ್ಷೆಲೆ? ನಿನ್ನ ಹೆಸರನ್ನೇ ಮುದ್ದು ಮಾಡಿದ್ದು."

ಒಂದೊಂದು ಹೆಸರಿಗೂ ಮಾರಿಸ್ ನನ್ನ ಮುಖ ನೋಡುತ್ತಿದ್ದರು. ನಮ್ಮಲ್ಲಿ ಚಿನ್ನು, ಪುಟ್ಟು, ಬಂಗಾರಿ ಅನ್ನುವಂಥ ಹೆಸರುಗಳು. ಯಾವುದಕ್ಕಾದರೂ "ಹೌದು, ಅದೇ" ಅಂದಿದ್ದರೆ ಮುಗಿಯುತ್ತಿತ್ತು. ಅವರು ಆ ಹೆಸರನ್ನು ಹಿಡಿದುಕೊಂಡು ನೆಮ್ಮದಿಯಿಂದ ಹೋಗುತ್ತಿದ್ದರು. ಶೇಫೆಲೆ ಅಂದಾಗ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ಹೊತ್ತಿಗೆ ನನ್ನ ಬಾಯಿಂದ ಎರಡು ಸುಳ್ಳು ಬಂದಾಗಿತ್ತು.

"ಗೊತ್ತಾಗ್ತಿಲ್ಲ. ನನ್ನನ್ನು ಕ್ಷಮಿಸಿ" ಅಂದೆ.

ಮಾರಿಸ್ ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಸ್ವಲ್ಪ ಹೊತ್ತಿನ ನಂತರ ಅವರನ್ನು ಕರೆತಂದಿದ್ದ ನರ್ಸ್ ಬಂದು ಗಾಲಿಕುರ್ಚಿ ತಿರುಗಿಸಿದಳು. ಅವರು ತಿರುಗಿ ನೋಡಲಿಲ್ಲ.

ಬುಧವಾರ ಕ್ಲಾಸು ಇರುತ್ತದೋ ಇಲ್ಲವೋ ಎಂದು ತಿಳಿಯದೆ ಫೋನ್ ಮಾಡಿದೆ. ರೂತ್ ಎತ್ತಿದರು. "ನಿನ್ನ ಮೇಲೆ ದ್ವೇಷ ಇಲ್ಲ ಶೈಲಾ. ಬೇಕು ಅಂತ ಮಾಡಿದ್ದಲ್ಲ, ಗೊತ್ತು. ಇಂಚರಾನ ಕಳಿಸು. ನೀನು ಕಾರಲ್ಲೇ ಇರು."

ಈಗಲೂ ಹಾಗೇ ನಡೆಯುತ್ತಿದೆ. ಮೊದಲ ದಿನ ಮಗಳು ಕಾರಿನ ಬಾಗಿಲು ಹಿಡಿದು ನಿಂತು, "ಅಮ್ಮಾ, ಆರ್ ಯೂ ನಾಟ್ ಕಮಿಂಗ್ ಇನ್? ಡಿಡ್ ಯೂ ನಾಟ್ ಸೇ ಸಾರಿ?" ಎಂದು ಕೇಳಿದಳು.

"ಹೇಳಿದ್ದೀನಿ ಪುಟ್ಟಾ. ಹೋಗು, ಲೇಟಾಗುತ್ತೆ" ಅಂದೆ.

ನಾನು ಅಷ್ಟಕ್ಕೇ ಬಿಡಲಿಲ್ಲ. ಯಿಡ್ಡಿಶ್‌ನಲ್ಲಿ ಮಕ್ಕಳನ್ನು ಕರೆಯುವ ಮುದ್ದಿನ ಮಾತುಗಳನ್ನೆಲ್ಲ ಹುಡುಕಿ ಬರೆದುಕೊಂಡೆ. ಲುವಾಸ್ ಟ್ರಾಮಿನಲ್ಲಿ ಆಫೀಸಿಗೆ ಹೋಗುವಾಗ ಕಣ್ಣು ಮುಚ್ಚಿ ಒಂದೊಂದನ್ನೇ ಎಸ್ತರ್ ಧ್ವನಿಯಲ್ಲಿ ಹೇಳಿಕೊಂಡು ನೋಡುತ್ತಿದ್ದೆ. ಡಿಸೆಂಬರ್‌ನಲ್ಲಿ ಎರಡು ಸಲ, ಜನವರಿಯಲ್ಲಿ ಒಂದು ಸಲ ಆ ಪಟ್ಟಿ ಹಿಡಿದುಕೊಂಡು ಮಾರಿಸ್ ಇದ್ದ ವೃದ್ಧಾಶ್ರಮಕ್ಕೆ ಹೋದೆ. ಅವರು ಬೇಸರಿಸಲಿಲ್ಲ. ನಾನು ಓದುತ್ತಿದ್ದೆ, ಅವರು ತಲೆ ಓರೆ ಮಾಡಿ ಕೇಳುತ್ತಿದ್ದರು.

ಜನವರಿಯಲ್ಲಿ ಹೋದಾಗ ಅವರು ಹಾಸಿಗೆಯಲ್ಲೇ ಇದ್ದರು. ನಾನು ಕಾಗದ ತೆಗೆಯುತ್ತಿದ್ದ ಹಾಗೆ ಕೈ ಎತ್ತಿ ತಡೆದರು.

"ಇನ್ನು ತರಬೇಡಿ. ನೀವು ಹೇಳಿ ಹೋದ ಹೆಸರನ್ನು ನಾನು ಒಂದು ವಾರ ಹೇಳಿಕೊಳ್ತೀನಿ. ಆಮೇಲೆ ಅದು ಅಮ್ಮನ ಧ್ವನಿಯಲ್ಲೇ ಕೇಳಿಸೋಕೆ ಶುರುವಾಗುತ್ತೆ. ಎಲ್ಲ ಹೆಸರೂ ಹಾಗೇ ಕೇಳಿಸುತ್ತೆ. ಮೊದಲು ನನಗೆ ಅವಳ ಧ್ವನಿ ಒಂದು ಚೂರು ನೆನಪಿತ್ತು. ಈಗ ಅದು ಅವಳದಾ, ನಿಮ್ಮದಾ ಅಂತ ಗೊತ್ತಾಗ್ತಿಲ್ಲ."

ಪಟ್ಟಿಯನ್ನು ಬ್ಯಾಗಿಗೆ ಹಾಕಿಕೊಂಡು ಎದ್ದು ಬಂದೆ. ಅವರಲ್ಲಿ ಉಳಿದಿದ್ದ ಅಷ್ಟನ್ನೂ ನಾನೇ ಹೋಗಿ ಕೆಡಿಸಿದ್ದೆ.

ಮಾರ್ಚ್‌ನಲ್ಲಿ ಮಾರಿಸ್ ಹೋದರು. ರೂತ್ ನನಗೆ ಹೇಳಲಿಲ್ಲ. ಇಂಚರಾ ಕ್ಲಾಸು ಮುಗಿಸಿ ಬಂದು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾ ಹೇಳಿದಳು. ಆಗಲೇ ಮಣ್ಣು ಮಾಡಿ ಆಗಿತ್ತು.

ಯಾರಾದರೂ ಕ್ಷಮಿಸಿದರೆ ಮನಸ್ಸು ಹಗುರವಾಗುತ್ತದೆ ಎಂದು ನಾನು ತಿಳಿದಿದ್ದೆ. ನನ್ನನ್ನು ಇಬ್ಬರೂ ಬೈಯಲಿಲ್ಲ. ಹಗುರವಾಗಲಿಲ್ಲ. ರಾಘು, "ಡಿಸ್ಕ್ ಬಿದ್ದಿದ್ದು ಆಕ್ಸಿಡೆಂಟ್, ಯಾರಿಗಾದ್ರೂ ಆಗ್ತಿತ್ತು" ಅನ್ನುತ್ತಾನೆ. ಡಿಸ್ಕು ಬಿದ್ದದ್ದಕ್ಕೆ ನಾನು ಅಷ್ಟು ಕೊರಗುವುದಿಲ್ಲ. ನನ್ನನ್ನು ಕೊರೆಯುವುದು ಬೇರೆ. ಆ ತಾಯಿ ಮಗನನ್ನು ಕೂಗಿದ ಹೆಸರು ಎಂಬತ್ತು ವರ್ಷದ ನಂತರ ಒಬ್ಬರೇ ಒಬ್ಬರ ಕಿವಿಗೆ ಬಿತ್ತು. ಆ ಕಿವಿ ನನ್ನದು. ಹೆಡ್‌ಫೋನ್ ಹಾಕಿಕೊಂಡು, ಎಸ್ತರ್ ಕೆಮ್ಮಿದ್ದನ್ನು ಎಲ್ಲಿ ಕತ್ತರಿಸಲಿ ಎಂದು ನೋಡುತ್ತಾ ಕೂತಿದ್ದೆ. ಹೆಸರು ಕಿವಿಗೆ ಬಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.